ಎರಡು ಪೈಪ್ ಮುಟ್ಟಿ ನೋಡಲು ಎಷ್ಟು ಹೊತ್ತು ಬೇಕು?

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಗೆಳೆಯನೊಬ್ಬನ ಕಾರಿನಲ್ಲಿ ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತಿತ್ತು. ಗ್ಯಾರೇಜಿಗೆ ಒಯ್ದ. ಅಲ್ಲಿ ಬಾನೆಟ್ ಕೂಡ ಎತ್ತಲಿಲ್ಲವಂತೆ. "ಹೀಟರ್ ಕೋರ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಗಾಡಿ ಬಿಟ್ಟು ಹೋಗಿ" ಎಂದರಂತೆ. ಗಾಬರಿಯಾಗಿ ನನಗೆ ಫೋನ್ ಮಾಡಿದ. ನಾನು ಕೇಳಿದ್ದು ಒಂದೇ ಮಾತು: ಪೈಪ್ ಮುಟ್ಟಿ ನೋಡಿದರಾ? ಇಲ್ಲ ಎಂದ.

ಇದೇ ನೋಡಿ ನನಗೆ ತಡೆಯಲಾಗದ್ದು. ನೋಡದೆ, ಮುಟ್ಟದೆ ತೀರ್ಪು ಕೊಡುವುದು.

ಪೆಟ್ರೋಲ್, ಡೀಸೆಲ್ ಗಾಡಿಯ ಹೀಟರ್ ಎಂಜಿನ್ನಿನ ಬಿಸಿಯನ್ನೇ ಕಡ ತರುತ್ತದೆ. ಎಂಜಿನ್ ಸುತ್ತಿ ಬಿಸಿಯಾದ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರಿನಂಥ ದ್ರವ, ಒಂದು ಪೈಪಿನಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಹೋಗುತ್ತದೆ. ಅಲ್ಲಿ ಪುಟ್ಟ ರೇಡಿಯೇಟರಿನಂಥ ಹೀಟರ್ ಕೋರ್ ಇದೆ. ಅದರೊಳಗೆ ಹರಿದು ಇನ್ನೊಂದು ಪೈಪಿನಲ್ಲಿ ವಾಪಸ್ ಬರುತ್ತದೆ. ಬ್ಲೋವರ್ ಆ ಕೋರ್ ಮೇಲೆ ಗಾಳಿ ಊದುತ್ತದೆ. ಅಷ್ಟೇ. ಹಾಗಾಗಿ ಆ ಎರಡು ಪೈಪ್‌ಗಳೇ ಅರ್ಧ ಕಥೆ ಹೇಳಿಬಿಡುತ್ತವೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ನೋಡಬೇಕು. ಎರಡೂ ಪೈಪ್ ಬಿಸಿ ಇದ್ದರೆ ಕೋರ್‌ಗೆ ಬಿಸಿ ನೀರು ಹೋಗಿ ಬರುತ್ತಿದೆ ಎಂದರ್ಥ. ತೊಂದರೆ ಗಾಳಿಯ ದಾರಿಯಲ್ಲಿದೆ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ನೀರು ನಡುವೆ ಎಲ್ಲೋ ನಿಂತಿದೆ. ಕೋರ್ ಒಳಗೆ ಕೊಳೆ ಕಟ್ಟಿರಬಹುದು. ಕೆಲವು ಗಾಡಿಗಳಲ್ಲಿ ಆ ದಾರಿಯಲ್ಲಿ ಒಂದು ವಾಲ್ವ್ ಇರುತ್ತದೆ, ಅದು ಮುಚ್ಚಿಕೊಂಡಿರಬಹುದು. ಎರಡೂ ತಣ್ಣಗಿದ್ದರೆ ಕೂಲೆಂಟ್ ಕಡಿಮೆಯಾಗಿದೆಯಾ, ಒಳಗೆ ಗಾಳಿ ಸೇರಿದೆಯಾ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ತೆರೆದೇ ನಿಂತಿದೆಯಾ ಎಂದು ನೋಡಬೇಕು. ಹೆದ್ದಾರಿಯಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ಕೆಳಗಿಳಿದರೆ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಿ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬಂದರೆ ಗಾಳಿ ಸೇರಿದೆ.

ಗೆಳೆಯನ ಗಾಡಿಯಲ್ಲಿ ಎರಡೂ ಪೈಪ್ ಬಿಸಿ ಇದ್ದವು. ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿ ತಿರುಗಿಸಿದಾಗಲೆಲ್ಲ ಒಳಗಿಂದ ಟಿಕ್ ಟಿಕ್ ಎಂದು ಸದ್ದು. ಬಿಸಿ ಗಾಳಿ, ತಣ್ಣನೆ ಗಾಳಿ ಎರಡನ್ನೂ ಬೆರೆಸುವ ಒಂದು ಬಾಗಿಲು ಒಳಗಿದೆ. ಅದನ್ನು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಸವೆದಿತ್ತು. ಇವನ ಗಾಡಿಯಲ್ಲಿ ಗ್ಲೋವ್ ಬಾಕ್ಸ್ ಬಿಚ್ಚಿದರೆ ಅದು ಕೈಗೇ ಸಿಗುತ್ತದೆ. ಕೆಲವೇ ಸ್ಕ್ರೂ. ಇಷ್ಟಕ್ಕೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಲು ಹೊರಟಿದ್ದರು! ಬಿಚ್ಚಿ, ಚೆನ್ನಾಗಿರುವ ಕೋರ್ ತೆಗೆದು ಹೊಸದು ಹಾಕಿದ್ದರೂ ತಣ್ಣನೆ ಗಾಳಿಯೇ ಬರುತ್ತಿತ್ತು, ಅಲ್ವಾ?

"ಅವರಿಗೂ ಅನುಭವ ಇರುತ್ತದೆ, ದಿನಾ ಹತ್ತಾರು ಗಾಡಿ ನೋಡುತ್ತಾರೆ, ಸದ್ದು ಕೇಳಿಯೇ ಗೊತ್ತಾಗುತ್ತದೆ" ಎಂದು ಕೆಲವರು ಹೇಳುತ್ತೀರಿ. ಅನುಭವ ಇದ್ದವರು ಮೊದಲು ಕೈ ಹಾಕುವುದೇ ಆ ಪೈಪಿಗೆ. ನಾನು ಕಂಡ ಒಳ್ಳೆಯ ಮೆಕ್ಯಾನಿಕ್‌ಗಳೆಲ್ಲ ಹಾಗೇ ಮಾಡುತ್ತಾರೆ. ನನಗೆ ಕೆಲಸ ಕಲಿಸಿದವರೂ ಅಂಥವರೇ. ಅವರ ಮೇಲೆ ನನ್ನ ದೂರಿಲ್ಲ.

ಕೋರ್ ನಿಜವಾಗಿ ಕಟ್ಟಿದ್ದರೂ ಡ್ಯಾಶ್‌ಬೋರ್ಡ್ ಮೊದಲ ಕೆಲಸ ಅಲ್ಲ. ಎಂಜಿನ್ ತಣ್ಣಗಾದ ಮೇಲೆ ಎರಡೂ ಪೈಪ್ ಬಿಚ್ಚಿ, ಕಡಿಮೆ ಒತ್ತಡದಲ್ಲಿ ಉಲ್ಟಾ ದಿಕ್ಕಿನಿಂದ ನೀರು ಬಿಟ್ಟು ತೊಳೆದು ನೋಡಬಹುದು. ಎಷ್ಟೋ ಸಲ ಕಂದು ನೀರು ಹೊರಬಂದು ದಾರಿ ತೆರೆದುಕೊಳ್ಳುತ್ತದೆ. ಕೋರ್ ಸೋರುತ್ತಿದ್ದರೆ ಮಾತ್ರ ಬೇರೆ ದಾರಿ ಇಲ್ಲ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಜಿಡ್ಡು ಮಂಜು, ಕಾಲ ಬಳಿ ಮ್ಯಾಟ್ ಒದ್ದೆ. ಇವು ಕಂಡರೆ ಬಿಚ್ಚಿಸಿ, ನಾನೂ ಅದನ್ನೇ ಹೇಳುತ್ತೇನೆ.

ಇಷ್ಟು ಕೋಪ ಯಾಕೆ ಎಂದು ಹೆಂಡತಿಯೂ ಕೇಳಿದಳು. ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಕಾರಿನ ಹೀಟರ್ ಹೀಗೇ ಕೈಕೊಟ್ಟಿತ್ತು. ಆಗ ನನಗೇನೂ ಗೊತ್ತಿರಲಿಲ್ಲ. ಯಾರೋ ಹೇಳಿದರೆಂದು ಥರ್ಮೋಸ್ಟಾಟ್ ಬದಲಿಸಿದೆ. ಇನ್ಯಾರೋ ಹೇಳಿದರೆಂದು ಬ್ಲೋವರ್ ಮೋಟಾರ್ ಬದಲಿಸಿದೆ. ಗಾಳಿ ಜೋರಾಗಿಯೇ ಬರುತ್ತಿತ್ತು, ಬ್ಲೋವರ್ ಯಾಕೆ ಬದಲಿಸಬೇಕು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ನೋಡಿದರೆ ಒಂದು ಪೈಪಿನ ಕ್ಲಿಪ್ ಸಡಿಲವಾಗಿ ಕೂಲೆಂಟ್ ಹನಿಹನಿಯಾಗಿ ಸೋರುತ್ತಿತ್ತು. ಅಮ್ಮನನ್ನು ಬೆಳಗಿನ ಜಾವ ಚಿಕಿತ್ಸೆಗೆ ಕರೆದೊಯ್ಯುತ್ತಿದ್ದ ದಿನಗಳವು. ಆ ಚಳಿಗಾಲ ಪೂರ್ತಿ ಅಮ್ಮ ಕಾರಿನಲ್ಲಿ ಶಾಲು ಹೊದ್ದು, ಕೈ ಮಡಚಿಕೊಂಡು ಕೂತಿದ್ದರು. ಒಂದು ದಿನವೂ ಚಳಿ ಎನ್ನಲಿಲ್ಲ. ಒಂದು ಕ್ಲಿಪ್ ಬಿಗಿ ಮಾಡಿ, ಕೂಲೆಂಟ್ ತುಂಬಿದ್ದರೆ ಸಾಕಿತ್ತು.

ಅದಕ್ಕೇ ಬೇಡುತ್ತಿದ್ದೇನೆ, ಮೊದಲು ನೋಡಿ. ಆದರೆ ಹುಷಾರು. ಬಿಸಿ ಎಂಜಿನ್ ಮೇಲೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒಳಗೆ ಒತ್ತಡ ಇರುತ್ತದೆ, 100 ಡಿಗ್ರಿ ದಾಟಿದ ನೀರೂ ಕುದಿಯದೆ ಕಾಯುತ್ತಿರುತ್ತದೆ. ತೆಗೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಪೈಪ್ ಕೂಡ ಸುಡುತ್ತದೆ. ದಪ್ಪ ಬಟ್ಟೆ ಹಿಡಿದು ಒಂದು ಕ್ಷಣ ತಾಗಿಸಿದರೆ ಸಾಕು. ಫ್ಯಾನ್, ಬೆಲ್ಟ್ ಹತ್ತಿರ ಕೈ, ತೋಳು, ಕೂದಲು ಹೋಗಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ, ಆ ಹೊಗೆ ಪ್ರಾಣ ತೆಗೆಯುತ್ತದೆ. ಕೂಲೆಂಟ್ ನೆಲಕ್ಕೆ ಚೆಲ್ಲಿದರೆ ತಕ್ಷಣ ಒರೆಸಿ. ರುಚಿ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಮಕ್ಕಳು ಬಾಯಿಗೆ ಹಾಕಿಕೊಂಡರೆ ಕಷ್ಟ.

ಗೆಳೆಯ ಸಂಜೆ ಹೊಸ ಮೋಟಾರ್ ಹಾಕಿದ. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ಬಿಸಿ ಗಾಳಿ ಬಂತು. ಅವನ ತಾಯಿ ಹೊರಗೆ ಬಂದು ಕಾರಿನಲ್ಲಿ ಕೂತು ಗಾಳಿಯ ಮುಂದೆ ಎರಡೂ ಕೈ ಚಾಚಿದರು. ನಾನು ಬಾನೆಟ್ ಮುಚ್ಚುವ ನೆಪದಲ್ಲಿ ಆ ಕಡೆ ಹೋದೆ.