ಕ್ರೈಸ್ತ ನಂಬಿಕೆಗೆ ಕನ್ಯಾಜನನ ಬೇಕೇ ಬೇಕಾ?

ಪರ: ಅದಿಲ್ಲದೆ ಆಗುವುದೇ ಇಲ್ಲ

ಚಿಕ್ಕಮಗಳೂರಿನಲ್ಲಿ ಪ್ರತಿ ಭಾನುವಾರ ಪೂಜೆಯಲ್ಲಿ ನಾವು ಎದ್ದು ನಿಂತು ವಿಶ್ವಾಸ ಪ್ರಮಾಣ, ಅಂದರೆ ನಾವು ನಂಬುವುದೇನು ಎಂಬುದರ ಸಾರ, ಹೇಳುತ್ತೇವೆ. ಯೇಸು ಕನ್ಯಾಮರಿಯಳಲ್ಲಿ ಹುಟ್ಟಿದ ಎಂಬುದು, ಅಂದರೆ ಈ ಕನ್ಯಾಜನನ, ಅದರಲ್ಲೇ ಇದೆ. ಅದನ್ನು ನುಂಗಿಕೊಂಡು ಉಳಿದದ್ದನ್ನು ಮಾತ್ರ ಹೇಳುವುದು ಹೇಗೆ? ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಮತ್ತಾಯನೂ ಲೂಕನೂ ಹೇಳುವ ಹುಟ್ಟಿನ ಕಥೆಗಳು ಬೇರೆ ಬೇರೆ. ಒಬ್ಬನಲ್ಲಿ ಮೂಡಣದ ಜ್ಞಾನಿಗಳು, ಇನ್ನೊಬ್ಬನಲ್ಲಿ ಕುರಿಕಾಯುವವರು. ಆದರೂ ಮರಿಯಳು ಪವಿತ್ರಾತ್ಮನಿಂದ ಗರ್ಭ ಧರಿಸಿದಳು ಎನ್ನುವಲ್ಲಿ ಇಬ್ಬರದೂ ಒಂದೇ ಮಾತು.

ರಕ್ಷಕನನ್ನು ಮನುಷ್ಯರು ತಯಾರು ಮಾಡಲಿಲ್ಲ, ದೇವರೇ ಕೊಟ್ಟ. ಇದೇ ಇದರ ಅರ್ಥ. ತಾಯಿ ನಮ್ಮವಳು, ಹಾಗಾಗಿ ಯೇಸು ನಿಜವಾದ ಮನುಷ್ಯ. ತಂದೆ ದೇವರು, ಹಾಗಾಗಿ ದೇವಪುತ್ರ. ವಿಜ್ಞಾನದ ಪುಸ್ತಕ ಹಿಡಿದು ವಾದಕ್ಕೆ ಬರುವವರಿದ್ದಾರೆ. ಲೋಕವನ್ನೇ ಸೃಷ್ಟಿಸಿದವನಿಗೆ ಇದೊಂದು ಕಷ್ಟವಾ?

ನಮ್ಮ ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳಲ್ಲಿ ಒಬ್ಬ ಹುಡುಗಿ ಮದುವೆಗೆ ಮುಂಚೆ ಬಸುರಿಯಾದಳು. ಜನ ಬಾಯಿಗೆ ಬಂದಂತೆ ಆಡಿಕೊಂಡರು. ನಮ್ಮಮ್ಮ ಮಾತ್ರ ಗಂಜಿ ಮಾಡಿಕೊಂಡು ಅವಳ ಮನೆಗೆ ಹೋದರು. "ಮರಿಯಮ್ಮನ್ನೂ ಜನ ಹೀಗೇ ನೋಡಿರ್ತಾರೆ ಕಣೇ. ಅವರನ್ನ ಮದುವೆ ಆಗಬೇಕಿದ್ದ ಸಂತ ಜೋಸೆಫರೇ ಮೊದಲು ಬಿಟ್ಟುಬಿಡೋಣ ಅಂದ್ಕೊಂಡಿದ್ರು" ಎಂದು ನನಗೆ ಹೇಳಿದರು. ಹೆರಿಗೆಯಲ್ಲೂ ಅಮ್ಮನೇ ಜೊತೆಗಿದ್ದರು. ಮಗುವಿಗೆ ಜ್ಞಾನತಾಯಿಯಾದವರೂ, ಅಂದರೆ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತವರೂ, ಅವರೇ. ಈ ನಂಬಿಕೆ ಇಲ್ಲದಿದ್ದರೆ ಅಮ್ಮ ಆ ಬಾಗಿಲು ತಟ್ಟುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು.

ವಿರೋಧ: ಬೇಕೇ ಬೇಕು ಅಂತೇನಿಲ್ಲ

ಈ ಕಡೆಯಿಂದ ಬರೆಯಿರಿ ಎಂದು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಹಾಸನದ ನಮ್ಮ ಪ್ರಾಟೆಸ್ಟೆಂಟ್ ಚರ್ಚಿನಲ್ಲಿ ಕ್ರಿಸ್‌ಮಸ್ ದಿನ ನಾನೂ ಈ ಕಥೆಯನ್ನು ಮನಸಾರೆ ಕೇಳುವವನೇ. ಆದರೆ 'ಬೇಕೇ ಬೇಕು' ಎನ್ನಲು ಮನಸ್ಸು ಒಪ್ಪುವುದಿಲ್ಲ.

ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದೇ ಮೊದಲಿನದು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅದರಲ್ಲಿ ಯೇಸುವಿನ ಹುಟ್ಟಿನ ಕಥೆಯೇ ಇಲ್ಲ. ಯೊರ್ದನ್ ಹೊಳೆಯ ದೀಕ್ಷಾಸ್ನಾನದಿಂದ ಯೇಸು ನೇರ ಬರುತ್ತಾನೆ. ಮೊದಲ ಕಾಲದ ಪ್ರಚಾರಕ ಪೌಲನು ತನ್ನ ಪತ್ರದಲ್ಲಿ 'ಸ್ತ್ರೀಯಲ್ಲಿ ಹುಟ್ಟಿದವನು' ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಅವನು ಊರೂರು ತಿರುಗಿ ಸಾರಿದ್ದು ಶಿಲುಬೆಯನ್ನು, ಪುನರುತ್ಥಾನವನ್ನು. ಅಷ್ಟನ್ನು ಕೇಳಿಯೇ ನಂಬಿದವರನ್ನು ಕ್ರೈಸ್ತರಲ್ಲ ಎನ್ನೋಣವೇ? 325ರಲ್ಲಿ ಬಿಷಪರು ಸೇರಿದ್ದ ನೈಸಿಯಾ ಸಭೆ ಒಪ್ಪಿದ ವಿಶ್ವಾಸ ಪ್ರಮಾಣದಲ್ಲೂ ಮರಿಯಳ ಹೆಸರಿಲ್ಲ. ಅದು ಸೇರಿದ್ದು ಆ ಪ್ರಮಾಣದ 381ರ ರೂಪದಲ್ಲಿ.

ಕನ್ಯತ್ವವನ್ನು ಜಾಸ್ತಿ ಹೊಗಳಿದರೆ ಸಂಸಾರ ಮಾಡಿ ಹೆತ್ತ ತಾಯಂದಿರೆಲ್ಲ ಒಂದು ಮೆಟ್ಟಿಲು ಕೆಳಗೆ ಎಂದಂತಾಗುತ್ತದೆ, ಅಲ್ವಾ? ಮರಿಯಳ ಗಂಡ ಯೋಸೇಫನೂ (ಜೋಸೆಫ್) ಮರೆತುಹೋಗುತ್ತಾನೆ. ಮತ್ತಾಯ ಅಬ್ರಹಾಮನಿಂದ ವಂಶಾವಳಿ ಎಣಿಸಿಕೊಂಡು ಬರುವುದು ಅವನ ಮೂಲಕವೇ. ಯೇಸು ಬೆಳೆದದ್ದು ಆ ಬಡಗಿಯ ಮನೆಯಲ್ಲಿ. ಇದಕ್ಕೂ ಒಂದು ಬೆಲೆ ಕೊಡಿ ಎನ್ನುವುದಷ್ಟೇ ನನ್ನ ವಾದ.