ಗೇರ್‌ಬಾಕ್ಸ್‌ಗೆ ಯಾವುದೋ ಒಂದು ಸಿಲಿಕೋನ್ ಸಾಲದು

ಗೇರ್‌ಬಾಕ್ಸ್ ಸೋರಿಕೆಗೆ ಯಾವ ಸಿಲಿಕೋನ್ ಪೇಸ್ಟ್ ಆದರೂ ಸಾಕೆಂಬ ಲೇಖನದ ಮಾತನ್ನು ನಾನು ಒಪ್ಪಲಾರೆ. ನಯವಾಗಿ ಕಡೆದ ಎರಡು ಲೋಹದ ಅಂಚುಗಳು ನೇರವಾಗಿ ಕೂಡುವಲ್ಲಿ, ತಯಾರಕರ ಕೈಪಿಡಿ ಬೇರೆ ಹೇಳದಿದ್ದರೆ, ಗಾಳಿ ಸಿಗದಾಗ ಮಾತ್ರ ಗಟ್ಟಿಯಾಗುವ ಅನೇರೋಬಿಕ್ ಸೀಲೆಂಟ್ (ಸೋರಿಕೆ ತಡೆಯುವ ಪೇಸ್ಟ್) ಸೂಕ್ತ. ಒಳಗೆ ಹಿಂಡಿಬಂದ ಅದರ ಹೆಚ್ಚುವರಿ ಭಾಗ ಗಟ್ಟಿಯಾಗದೆ ಎಣ್ಣೆಯಲ್ಲಿ ಬೆರೆತುಹೋಗುತ್ತದೆ, ಸಿಲಿಕೋನ್ ಮಾತ್ರ ರಬ್ಬರಿನ ಎಳೆಗಳಾಗಿ ಕಳಚಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಫಿಲ್ಟರನ್ನೋ ಎಣ್ಣೆಯ ಹರಿವನ್ನು ನಿಯಂತ್ರಿಸುವ ವಾಲ್ವ್‌ಬಾಡಿಯ ಸಣ್ಣ ರಂಧ್ರಗಳನ್ನೋ ಮುಚ್ಚಬಹುದು. ಗೇರ್‌ಬಾಕ್ಸ್‌ನ ಅಡಿಯಲ್ಲಿ ಎಣ್ಣೆ ನಿಲ್ಲುವ ತಗಡಿನ ಪ್ಯಾನ್‌ಗೆ ಸಿಲಿಕೋನ್ ಸರಿಯೇ, ಆದರೆ ವಿನೆಗರ್ ವಾಸನೆಯದ್ದು ಬೇಡ, ಅದು ಬಿಡುವ ಅಸಿಟಿಕ್ ಆಮ್ಲ ಲೋಹವನ್ನು ತಿನ್ನುತ್ತದೆ. ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಆದ್ದರಿಂದ ನಮ್ಮ ಮಂಗಳೂರಿನ ಆಟಿ ತಿಂಗಳ ಮಳೆಯಲ್ಲಿ ಅದರ ಮೇಲ್ಪದರ ಬೇಗನೆ ಕೆನೆಗಟ್ಟುವುದರಿಂದ, ಹಳೆಯ ಎಣ್ಣೆಯ ಪಸೆಯನ್ನು ಪೂರ್ತಿ ಒರೆಸಿ, ಬೋಲ್ಟುಗಳನ್ನು ಕೈಗೆಟಕುವಂತೆ ಇಟ್ಟುಕೊಂಡ ಮೇಲೆಯೇ ಹಚ್ಚಬೇಕು.