ಯೂನಿವರ್ಸಲ್ ಅಡಾಪ್ಟರಿನ ಮಹಿಮೆ

ಯುಗಾಂಡದ ಬೈಬಲ್ ಕಾಲೇಜಿನಲ್ಲಿ ಒಂದು ವಾರ ಪಾಠ ಮಾಡಲು ಬೆಂಗಳೂರಿನಿಂದ ಹೊರಟವರು ಬೈಬಲ್ ಮರೆತರೂ ‘ಯೂನಿವರ್ಸಲ್’ ಅಡಾಪ್ಟರ್ ಮರೆಯುವುದಿಲ್ಲ. ಆ ಹೆಸರಿಟ್ಟ ಪುಣ್ಯಾತ್ಮ ನಮ್ಮ ಲ್ಯಾಪ್‌ಟಾಪಿನ ತ್ರೀ-ಪಿನ್ನನ್ನು ಕಣ್ಣಿಂದ ಕಂಡಿರಲಾರ. ಎಷ್ಟೋ ಅಡಾಪ್ಟರುಗಳಲ್ಲಿ ಎರಡು ಪಿನ್ನಿಗಷ್ಟೇ ಜಾಗ. ದಪ್ಪ ಅರ್ತ್ ಪಿನ್ನು ಹೊರಗೇ ಉಳಿದು ಅಣಕಿಸುತ್ತದೆ.

ಕರೆಂಟಿನದೇನೂ ತಕರಾರಿಲ್ಲ. 240 ವೋಲ್ಟ್, 50 ಹರ್ಟ್ಸ್, ಹೆಚ್ಚುಕಮ್ಮಿ ನಮ್ಮದೇ. ತಕರಾರೆಲ್ಲ ತೂತಿನದು. ಅಲ್ಲಿನ ಗೋಡೆಯಲ್ಲಿರುವುದು ಬ್ರಿಟಿಷರ ಸಾಕೆಟ್ಟು, ಮೂರೂ ಚಪ್ಪಟೆ. ಕೆಳಗಿನ ಎರಡು ತೂತಿಗೆ ಒಳಗಡೆ ಪುಟ್ಟ ಶಟರ್ ಇದೆ. ಮೇಲಿನದಕ್ಕೆ ಉದ್ದನೆಯ ಅರ್ತ್ ಪಿನ್ ಇಳಿದರೆ ಮಾತ್ರ ಅದು ಸರಿಯುತ್ತದೆ. ಮಕ್ಕಳು ಕಡ್ಡಿ ಹಾಕದಿರಲಿ ಅಂತ ಮಾಡಿದ ಉಪಾಯ ಡಾಕ್ಟರೇಟ್ ಮಾಡಿದವರನ್ನೂ ಬಾಗಿಲಲ್ಲೇ ನಿಲ್ಲಿಸುತ್ತದೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಬಂದು, ಪೆನ್ನಿನ ಕ್ಯಾಪನ್ನು ಮೇಲಿನ ತೂತಿಗೆ ಒತ್ತಿ ಹಿಡಿದು, ಟೂ-ಪಿನ್ ಚಾರ್ಜರನ್ನು ಕೆಳಗೆ ತುರುಕಿಬಿಡುತ್ತಾನೆ. ಚಪ್ಪಾಳೆ. ಆದರೆ ಮಾಡಬಾರದ ಕೆಲಸ ಅದು. ಪಿನ್ನು ಸಡಿಲಾಗಿ ಕೂತು ಕಿಡಿ ಹಾರುತ್ತದೆ. ಅರ್ತ್ ಸಿಗದ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ. ಅದು ಪವಿತ್ರಾತ್ಮನ ಸ್ಪರ್ಶವಲ್ಲ.

ಇದಕ್ಕಿಂತ ಇಲ್ಲಿಂದಲೇ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ಯುವುದು ವಾಸಿ. ಕಂಪಾಲದಲ್ಲಿ ಅಲ್ಲಿನ ಪ್ಲಗ್ ಕೊಂಡು ತುದಿಗೆ ಹಾಕಿಸಿದರೆ ಮುಗಿಯಿತು: ಕೆಂಪು ವೈರು ಫ್ಯೂಸಿನ ಕಡೆ, ಕಪ್ಪು ಅದರೆದುರು, ಹಸಿರು ಮೇಲೆ. ಹೌದು, ಫ್ಯೂಸು ಪ್ಲಗ್ಗಿನ ಹೊಟ್ಟೆಯಲ್ಲೇ ಇರುತ್ತದೆ. 13 ಆಂಪಿಯರಿನದು ತೆಗೆದು 3ರದು ಹಾಕಿಸಿ. ಲ್ಯಾಪ್‌ಟಾಪು, ಪ್ರೊಜೆಕ್ಟರಿಗೆ ಧಾರಾಳ.

ಪ್ಲಗ್ಗು ಗೆದ್ದ ಮೇಲೆ ಗ್ರೀಕು. ಪಾಠಕ್ಕಿರುವುದು ಬೈಬಲಿನಲ್ಲಿ ಸಂತ ಪೌಲ ಗ್ರೀಕಿನಲ್ಲಿ ಬರೆದ ಒಂದು ಪತ್ರ. ಸ್ಲೈಡು ಕಾಲೇಜಿನ ಕಂಪ್ಯೂಟರಿಗೆ ಹೋದದ್ದೇ ಪೌಲನ ಗ್ರೀಕೆಲ್ಲ ಚೌಕ ಡಬ್ಬಿಗಳಾಗುತ್ತದೆ. ಹಳೇ ನುಡಿ ಫೈಲನ್ನು ಬೇರೆಯವರ ಕಂಪ್ಯೂಟರಿನಲ್ಲಿ ತೆರೆದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಪಿಡಿಎಫ್ ಮಾಡಿಕೊಂಡು ಹೋಗಿ.

ಪೌಲ ರೋಮಾಪುರದವರಿಗೆ ಬರೆದ ಆ ಪತ್ರದಲ್ಲಿ, ಬೈಬಲಿನ ಮಾತಿನಲ್ಲಿ ‘ಪತ್ರಿಕೆ’ಯಲ್ಲಿ, 16 ಅಧ್ಯಾಯ. ಸೋಮವಾರದಿಂದ ಶುಕ್ರವಾರ, ದಿನಕ್ಕೆ ಮೂರು ಚಿಲ್ಲರೆ. ಇದು ಬೆಂಗಳೂರಿನಲ್ಲಿ ಕೂತು ಹಾಕಿದ ಲೆಕ್ಕ. ಬೆಳಗಿನ ಹಾಡು, ಪ್ರಾರ್ಥನೆ, ಬಂದ ಅತಿಥಿಗಳೆಲ್ಲ ಎದ್ದು ಹೇಳುವ ವಂದನೆ ಇದರಲ್ಲಿ ಬರುವುದಿಲ್ಲ. ನೋಟ್ಸಂತೂ ಬರುವುದೇ ಇಲ್ಲ. ಸ್ಲೈಡಿನಲ್ಲಿರುವುದನ್ನು ವಿದ್ಯಾರ್ಥಿಗಳು ಒಂದಕ್ಷರ ಬಿಡದೆ ಇಳಿಸಿಕೊಳ್ಳುತ್ತಾರೆ, ಕೆಳಮೂಲೆಯ ಸ್ಲೈಡ್ ನಂಬರು ‘4/62’ ಸಮೇತ. ಮುಂದಿನದಕ್ಕೆ ಹೋದಿರೋ, ‘ಟೀಚರ್, ಸ್ವಲ್ಪ ಹಿಂದಕ್ಕೆ’. ಹೋಗಿ ಬಂದು, ಹೋಗಿ ಬಂದು, ಪೌಲ ರೋಮು ತಲುಪುವುದೇ ಅನುಮಾನ.

ರೇಗುವ ಹಾಗೂ ಇಲ್ಲ. ಅವರಲ್ಲಿ ಹಲವರು ಆಗಲೇ ಹಳ್ಳಿಯಲ್ಲಿ ಸಭೆ ನಡೆಸುತ್ತಿರುವ ಪಾಸ್ಟರುಗಳು. ಊರಿಗೆ ಮರಳಿದ ಮೇಲೆ ಈ ಪತ್ರಿಕೆಗೆ ಅವರ ಬಳಿ ಇರುವ ವ್ಯಾಖ್ಯಾನವೆಂದರೆ 96 ಪುಟದ ಆ ನೋಟ್‌ಬುಕ್ಕೇ. ಮುಂದಿನ ಎಷ್ಟು ಭಾನುವಾರಗಳ ಪ್ರಸಂಗ ಅದರೊಳಗಿಂದ ಬರಬೇಕೋ. ಹಾಗಾಗಿ 62 ಸ್ಲೈಡನ್ನು ಇಪ್ಪತ್ತಕ್ಕೆ ಇಳಿಸಿ, ‘ಥ್ಯಾಂಕ್ ಯೂ’ ಸ್ಲೈಡನ್ನು ಮೊದಲು ಕಿತ್ತುಹಾಕಿ. ಇಲ್ಲದಿದ್ದರೆ ಅದನ್ನೂ ಬರೆದುಕೊಳ್ಳುತ್ತಾರೆ. ವಿಚಿತ್ರವೆಂದರೆ ಕರೆಂಟು ಹೋದಾಗಲೇ ಪಾಠ ಚೆನ್ನಾಗಿ ಸಾಗುವುದು. ಸೀಮೆಸುಣ್ಣದಲ್ಲಿ ಬರೆಯುವವರದೂ ನೋಡಿ ಬರೆದುಕೊಳ್ಳುವವರದೂ ಒಂದೇ ವೇಗ. ಅಷ್ಟೆಲ್ಲ ಪ್ಲಗ್ಗಿನ ಪುರಾಣ ಯಾಕೆ ಬೇಕಿತ್ತು ಅಂತ ಕೇಳಬೇಡಿ.

ಶುಕ್ರವಾರ ಸಂಜೆಗೆ 8ನೇ ಅಧ್ಯಾಯ ಮುಗಿದಿದ್ದರೆ ದೊಡ್ಡ ಮಾತು. ಇನ್ನು ವಾಪಸಾಗುವಾಗ ಯೆಲ್ಲೋ ಫೀವರ್ ಕಾರ್ಡ್, ಅಂದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ, ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. 2016ರಿಂದ ಒಂದು ಸಲದ ಚುಚ್ಚುಮದ್ದು ಜೀವಮಾನಕ್ಕೆಲ್ಲ ನಡೆಯುತ್ತದೆ. ಇಳಿದ ಮೇಲೆ ಕಾರ್ಡು ತೋರಿಸದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಬಾಕಿ ಎಂಟು ಅಧ್ಯಾಯಕ್ಕೆ ಹೇಳಿ ಮಾಡಿಸಿದ ಬಿಡುವು. ಸಾಕೆಟ್ಟೂ ನಮ್ಮದೇ, ಹಿಂದಿನ ಸ್ಲೈಡು ಕೇಳುವವರೂ ಇಲ್ಲ.